ಬ್ರೇಕಿನ ಕಿವಿ ಹಿಂಡಲು ಕಲಿಯಿರಿ



ಹೋದ ಸಲ ಕುಕ್ಕರಿನ ಗ್ಯಾಸ್ಕೆಟ್ಟಿನ ವಿಚಾರ ಮಾತಾಡಿದೆವು. ಈ ಸಲ ಅಡಿಗೆಮನೆ ಬಿಟ್ಟು ಜಗಲಿಗೆ ಬನ್ನಿ. ಅಲ್ಲಿ ಗೋಡೆಗೆ ಒರಗಿ ನಿಂತಿದೆಯಲ್ಲ ಮಗಳ ಸೈಕಲ್ಲು, ಅದರ ಮಾತು ಇವತ್ತಿನದು. "ಅಯ್ಯೋ, ಅದು ಗಂಡಸರ ಕೆಲಸ, ನಮಗ್ಯಾಕ್ರೀ?" ಅಂತ ಪುಟ ತಿರುವಿಬಿಡಬೇಡಿ. ಲಂಗಕ್ಕೆ ಲಾಡಿ ಏರಿಸಲು ಬರುವ ಯಾವ ಹೆಂಗಸಿಗೂ ಈ ಕೆಲಸ ಬರುತ್ತದೆ. ಹೇಗೆ ಅಂತ ಆಮೇಲೆ ಹೇಳುತ್ತೇನೆ.

ನನ್ನ ತಂಗಿಯನ್ನು ಕೊಟ್ಟಿರುವುದು ಕೃಷ್ಣರಾಜನಗರದಿಂದ ಆಚೆ, ಭೇರ್ಯದ ಹತ್ತಿರದ ಒಂದು ಹಳ್ಳಿಗೆ. ಸುತ್ತ ಬತ್ತದ ಗದ್ದೆ. ಅವಳ ಮಗಳು ಒಂಬತ್ತನೇ ತರಗತಿ. ಶಾಲೆಗೆಂದು ದಿನಾ ಸೈಕಲ್ಲಿನಲ್ಲಿ ಭೇರ್ಯಕ್ಕೆ ಹೋಗಿಬರುತ್ತಾಳೆ. ನಾನು ಹೋಗಿದ್ದಾಗ ತಂಗಿ ಮಗಳನ್ನು ಬೈಯುತ್ತಾ ಕೂತಿದ್ದಳು. "ನೋಡಕ್ಕ, ಮೂರು ತಿಂಗಳಿಗೊಂದು ಜೊತೆ ಚಪ್ಪಲಿ ಬೇಕು ಇವಳಿಗೆ. ದುಡ್ಡೇನು ಮರದಲ್ಲಿ ಬಿಡುತ್ತಾ?"

ಚಪ್ಪಲಿ ತೆಗೆದು ನೋಡಿದೆ. ಬಲಗಾಲಿನದು ಸರಿಯಾಗೇ ಇತ್ತು. ಎಡಗಾಲಿನ ಹಿಮ್ಮಡಿ ಮಾತ್ರ ಓರೆಯಾಗಿ, ಈಳಿಗೆಯಲ್ಲಿ ಹೆರೆದ ಹಾಗೆ ಸವೆದುಹೋಗಿತ್ತು. ನಡೆದು ಸವೆದ ಚಪ್ಪಲಿ ಹಾಗಿರುವುದಿಲ್ಲ. ಹುಡುಗಿಯನ್ನು ಹತ್ತಿರ ಕರೆದು ಮೆಲ್ಲಗೆ ಕೇಳಿದೆ. ತಲೆ ತಗ್ಗಿಸಿ ಹೇಳಿದಳು: "ಬ್ರೇಕ್ ಹಿಡಿಯಲ್ಲ ದೊಡ್ಡಮ್ಮ. ಕಾಲು ಉಜ್ಜಿ ನಿಲ್ಲಿಸ್ತೀನಿ."

ಎದೆ ಧಸಕ್ಕೆಂದಿತು. ಭೇರ್ಯದಲ್ಲಿ ಇರುವುದು ಊರೊಳಗಿನ ಓಣಿಯಲ್ಲ, ಮೈಸೂರಿನಿಂದ ಹೊಳೆನರಸೀಪುರದ ಮೇಲೆ ಹಾಸನಕ್ಕೆ ಹೋಗುವ ರಸ್ತೆ. ಬಸ್ಸು, ಲಾರಿ ಒಂದರ ಹಿಂದೆ ಒಂದು. ಅಲ್ಲಿ ಈ ಮಗು ಚಪ್ಪಲಿಯನ್ನು ಬ್ರೇಕು ಮಾಡಿಕೊಂಡು ಓಡಾಡುತ್ತಿತ್ತು! ಮನೆಯಲ್ಲಿ ಯಾಕೆ ಹೇಳಲಿಲ್ಲವೇ ಅಂದರೆ, "ಹೇಳಿದರೆ ಸೈಕಲ್ ಬೇಡ ಅಂತಾರೆ. ಸೈಕಲ್ ಇಲ್ಲದಿದ್ದರೆ ಸ್ಕೂಲೂ ಬೇಡ ಅಂತಾರೆ" ಅಂದಳು. ತಂಗಿ ಬೈಯುವುದನ್ನು ಮರೆತು ಸೆರಗಿನಲ್ಲಿ ಕಣ್ಣೊರೆಸಿಕೊಂಡಳು.

ಆ ಮಗುವಿನ ಮಾತು ಸುಳ್ಳಲ್ಲ ಕಣ್ರೀ. ಹಳ್ಳಿಯ ಹೆಣ್ಣುಮಕ್ಕಳ ಓದಿಗೂ ಸೈಕಲ್ಲಿಗೂ ನಂಟುಂಟು. 2006-07ರಲ್ಲಿ ನಮ್ಮ ರಾಜ್ಯ ಸರ್ಕಾರ ಎಂಟನೇ ತರಗತಿಯವರಿಗೆ ಉಚಿತ ಸೈಕಲ್ ಕೊಡುವ ಯೋಜನೆ ತಂದದ್ದೂ ಇದೇ ಕಾರಣಕ್ಕೆ: ದೂರ ಅಂತ ಮಕ್ಕಳು ಹೈಸ್ಕೂಲು ಬಿಡಬಾರದು. ಕೋವಿಡ್ ಕಾಲದಲ್ಲಿ ಆ ವಿತರಣೆ ನಿಂತಿತು. ಈಗ ಎಷ್ಟೋ ಮನೆಗಳಲ್ಲಿ ಅಕ್ಕನ ಸೈಕಲ್ಲೇ ತಂಗಿಗೆ. ಹಳೇ ಸೈಕಲ್ಲು ಅಂದಮೇಲೆ ಹಳೇ ಬ್ರೇಕು.

ಇನ್ನು ಕೆಲಸದ ಮಾತು. ಅಜ್ಜನ ಕಾಲದ ಕಪ್ಪು ಸೈಕಲ್ಲಿಗೆ ಬ್ರೇಕು ಎಳೆಯುವುದು ಕಬ್ಬಿಣದ ಸರಳು. ಈಗಿನ ಹುಡುಗಿಯರ ಸೈಕಲ್ಲುಗಳಲ್ಲಿ ಹೆಚ್ಚಿನವಕ್ಕೆ ಇರುವುದು ತಂತಿ, ಅಂದರೆ ಕೇಬಲ್. ಒಳಗೆ ಉಕ್ಕಿನ ತಂತಿ, ಹೊರಗೆ ಅದಕ್ಕೊಂದು ಕೊಳವೆಯ ಅಂಗಿ. 1896ರಲ್ಲಿ ಅರ್ನೆಸ್ಟ್ ಬೌಡೆನ್ ಎಂಬಾತ ಪೇಟೆಂಟ್ ಪಡೆದ ಉಪಾಯ ಇದು. ಸ್ಕೂಟರಿನ ಕ್ಲಚ್ಚಿಗೂ ಇದೇ ಬಂತು.

ಲಂಗದ ಲಾಡಿಯನ್ನು ನೆನೆಸಿಕೊಳ್ಳಿ. ಲಾಡಿಯೇ ಒಳಗಿನ ತಂತಿ, ಸೊಂಟದ ಪಟ್ಟಿಯೇ ಹೊರಗಿನ ಕೊಳವೆ. ಪಟ್ಟಿಯನ್ನು ಸುಕ್ಕು ಮಾಡಿ ಒತ್ತಿದರೆ ಹೊರಗೆ ಲಾಡಿ ಉದ್ದ ಉಳಿಯುತ್ತದೆ. ಸುಕ್ಕು ಬಿಡಿಸಿ ಪಟ್ಟಿಯನ್ನು ಹರವಿದರೆ ಲಾಡಿ ಒಳಗೆ ಹೋಗಿ ಹೊರಗೆ ಗಿಡ್ಡವಾಗುತ್ತದೆ. ಲಾಡಿ ಬದಲಾಗಲಿಲ್ಲ, ಪಟ್ಟಿ ಉದ್ದವಾಯಿತು, ಅಷ್ಟೇ. ಬ್ರೇಕಿನ ರಬ್ಬರು ಸವೆದಾಗ, ಹೊಸ ಕೊಳವೆ ಒತ್ತಿ ಕೂತಾಗ ತಂತಿ ಸಡಿಲವಾಗುತ್ತದೆ. ಆಗ 'ಪಟ್ಟಿ'ಯನ್ನು ಸ್ವಲ್ಪ ಉದ್ದ ಮಾಡಿಕೊಳ್ಳಲೆಂದೇ ಒಂದು ಪುಟ್ಟ ಟೊಳ್ಳು ತಿರುಪು ಇಟ್ಟಿದ್ದಾರೆ. ಅಂಗಡಿಯಲ್ಲಿ ಅದಕ್ಕೆ 'ಬ್ಯಾರೆಲ್ ಅಡ್ಜಸ್ಟರ್' ಎನ್ನುತ್ತಾರೆ. ತಂಬೂರಿಯ ಕಿವಿ ಹಿಂಡಿ ಶ್ರುತಿ ಮಾಡುತ್ತಾರಲ್ಲ, ಹಾಗೆ ಇದು ಬ್ರೇಕಿನ ಕಿವಿ.

ಎಲ್ಲಿರುತ್ತದೆ? ಬ್ರೇಕಿನ ಹಿಡಿಯಿಂದ ತಂತಿಯನ್ನೇ ಬೆರಳಲ್ಲಿ ಸವರುತ್ತಾ ಹೋಗಿ. ಕೊಳವೆ ನಿಲ್ಲುವ ಜಾಗದಲ್ಲಿ ಗೀರುಗೀರಾದ ಒಂದು ಉಂಗುರ ಕೈಗೆ ಸಿಗುತ್ತದೆ. ಸಾಧಾರಣವಾಗಿ ಚಕ್ರದ ಮೇಲಿನ ಬ್ರೇಕಿನ ತೋಳಿನಲ್ಲಿ. ಕೆಲವಕ್ಕೆ ಹಿಡಿಯ ಬುಡದಲ್ಲಿ. ಕೆಲವಕ್ಕೆ ಫ್ರೇಮಿಗೇ ಬೆಸೆದ ಸಣ್ಣ ಗೂಡಿನಲ್ಲಿ.

ಮೊದಲು ಪರೀಕ್ಷೆ. ಹಿಡಿಯನ್ನು ಗಟ್ಟಿಯಾಗಿ ಅದುಮಿ. ಅದು ಹ್ಯಾಂಡಲ್ಲಿಗೆ ತಾಗಿದರೆ ಬ್ರೇಕು ಇಲ್ಲವೆಂದೇ ಲೆಕ್ಕ. ಪೂರಾ ಅದುಮಿದಾಗಲೂ ಹಿಡಿಗೂ ಹ್ಯಾಂಡಲ್ಲಿಗೂ ನಡುವೆ ಎರಡು ಬೆರಳು ತೂರುವಷ್ಟು ಜಾಗ ಉಳಿಯಬೇಕು. ಹಿಡಿ ಬಿಟ್ಟಾಗ ರಬ್ಬರಿಗೂ ಚಕ್ರದ ಬಳೆಗೂ ಒಂದು ನಾಣ್ಯದ ದಪ್ಪದಷ್ಟು ಸಂದಿ ಇದ್ದರೆ ಸಾಕು.

ಸಡಿಲವಿದೆಯೇ? ತಿರುಪಿನ ಬುಡದಲ್ಲಿ ಅದನ್ನು ಒತ್ತಿ ಹಿಡಿದಿರುವ ಒಂದು ತೆಳು ನಟ್ಟು ಇದ್ದರೆ ಮೊದಲು ಅದನ್ನು ಸಡಿಲಿಸಿ. ಆಮೇಲೆ ತಂತಿ ಒಳಹೋಗುವ ಕಡೆಯಿಂದ ನೋಡುತ್ತಾ, ಉಪ್ಪಿನಕಾಯಿ ಬಾಟಲಿಯ ಮುಚ್ಚಳ ಬಿಚ್ಚುವ ದಿಕ್ಕಿಗೆ ತಿರುಪನ್ನು ಅರ್ಧ ಸುತ್ತು ತಿರುಗಿಸಿ. 'ಬಿಚ್ಚಿದರೆ ಸಡಿಲವಾಗುವುದಿಲ್ಲವೇ?' ಎಂದೆನಿಸುತ್ತದೆ. ನನಗೂ ಮೊದಲು ಹಾಗೇ ಅನಿಸಿತ್ತು. ಇಲ್ಲ, ಇಲ್ಲಿ ತಿರುಪು ಹೊರಗೆ ಬಂದಷ್ಟೂ ಬ್ರೇಕು ಬಿಗಿ. ಲಂಗದ ಪಟ್ಟಿ ನೆನಪಿರಲಿ. ಅರ್ಧ ಸುತ್ತು, ಹಿಡಿ ಅದುಮಿ ನೋಡುವುದು. ಇನ್ನರ್ಧ ಸುತ್ತು, ಮತ್ತೆ ನೋಡುವುದು. ಸಾರಿಗೆ ಉಪ್ಪು ಹಾಕಿದ ಹಾಗೆ, ಒಂದೇ ಸಲ ಸುರಿಯಬಾರದು. ಹದ ಸಿಕ್ಕಮೇಲೆ ತೆಳು ನಟ್ಟನ್ನು ಮತ್ತೆ ಒತ್ತಿ ಕೂರಿಸಿ. ಇದನ್ನು ಮರೆತರೆ ಹೊಂಡದ ರಸ್ತೆಯ ಅದುರಿಗೆ ತಿರುಪು ತಾನೇ ತಿರುಗಿ, ನಿಮ್ಮ ಕೆಲಸವೆಲ್ಲ ನೀರಲ್ಲಿ ಹೋಮ.

ಕೊನೆಗೆ ಚಕ್ರ ಎತ್ತಿ ತಿರುಗಿಸಿ. ರಬ್ಬರು ಉಜ್ಜದೆ ಸಲೀಸಾಗಿ ತಿರುಗಬೇಕು. ಒಂದೇ ಜಾಗದಲ್ಲಿ ಉಜ್ಜಿದರೆ ಚಕ್ರ ಸೊಟ್ಟಗಿದೆ ಎಂದರ್ಥ. ಅದು ರಿಪೇರಿಯವನ ಕೆಲಸ. ಆಮೇಲೆ ಹಿಡಿ ಅದುಮಿಕೊಂಡು ಸೈಕಲ್ಲನ್ನು ಮುಂದಕ್ಕೆ ತಳ್ಳಿ. ಮುಂದಿನ ಬ್ರೇಕು, ಹಿಂದಿನ ಬ್ರೇಕು ಎರಡನ್ನೂ ಬೇರೆಬೇರೆಯಾಗಿ ನೋಡಬೇಕು. ಮಗುವನ್ನು ಹತ್ತಿಸುವುದು ಅದಾದ ಮೇಲೆಯೇ.

ಒಂದು ಎಚ್ಚರಿಕೆ. ತಿರುಪಿನ ಕನಿಷ್ಠ ಐದು ಸುತ್ತಾದರೂ ಒಳಗೇ ಕಚ್ಚಿರಬೇಕು. ತುದಿಯಲ್ಲಿ ನೇತಾಡುವ ತಿರುಪು ಜೋರಾಗಿ ಬ್ರೇಕು ಹಿಡಿದಾಗಲೇ ಕಿತ್ತು ಬರುತ್ತದೆ, ಅಂದರೆ ಬ್ರೇಕು ಬೇಕಾದ ಗಳಿಗೆಯಲ್ಲೇ ಕೈಕೊಡುತ್ತದೆ. ಅಷ್ಟು ದೂರ ಬಂದಿದ್ದರೆ ತಿರುಪನ್ನು ಪೂರ್ತಿ ಒಳಗೆ ಕಳಿಸಿ, ಒಂದೆರಡು ಸುತ್ತು ಮಾತ್ರ ಹೊರಗೆ ತನ್ನಿ. ಆಮೇಲೆ ಮಗಳಿಗೆ ಎರಡು ರಬ್ಬರನ್ನೂ ಚಕ್ರಕ್ಕೆ ಒತ್ತಿ ಹಿಡಿಯಲು ಹೇಳಿ, ತಂತಿಯ ತುದಿ ಹಿಡಿದಿರುವ ನಟ್ಟನ್ನು ಪಾನಾದಿಂದ ಸಡಿಲಿಸಿ, ತಂತಿ ಎಳೆದು, ಮತ್ತೆ ಬಲವಾಗಿ ಬಿಗಿಯಿರಿ. ಈ ನಟ್ಟಿನ ಬಿಗಿ ನಿಮಗೆ ನಂಬಿಕೆ ಬರದಿದ್ದರೆ ಅಂಗಡಿಗೆ ಒಯ್ಯಿರಿ, ನಾಚಿಕೆ ಬೇಡ. ರಬ್ಬರಿನ ಗೀರುಗಳು ಅಳಿಸಿಹೋಗಿದ್ದರೆ, ತಂತಿಯ ಒಂದು ಎಳೆ ಕಿತ್ತಿದ್ದರೂ ಕೂಡ, ಕಿವಿ ಹಿಂಡಿ ಪ್ರಯೋಜನವಿಲ್ಲ. ಹೊಸದೇ ಆಗಬೇಕು. ಎಳೆ ಕೀಳುವುದು ಹೆಚ್ಚಾಗಿ ಹಿಡಿಯೊಳಗಿನ ತಂತಿಯ ಗುಂಡಿನ ಹತ್ತಿರ. ಅಲ್ಲಿ ಬಗ್ಗಿ ನೋಡಿ.

ಗೇರಿನ ಸೈಕಲ್ ಇರುವ ಮನೆಯವರಿಗೆ ಎರಡು ಮಾತು. ಅದರ ಹಿಂದಿನ ಗೇರಿಗೂ ಇಂಥದೇ ತಿರುಪುಂಟು. ಕೆಲವಕ್ಕೆ ಫ್ರೇಮಿನ ಕೆಳಕೊಳವೆಯ ಮೇಲೂ ಇರುತ್ತದೆ. ಚೈನು ದೊಡ್ಡ ಹಲ್ಲುಚಕ್ರಕ್ಕೆ ಹತ್ತಲು ತಡೆದರೆ ಕಾಲು ಸುತ್ತು ಹೊರಕ್ಕೆ. ಚಿಕ್ಕದಕ್ಕೆ ಇಳಿಯಲು ತಡೆದರೆ ಕಾಲು ಸುತ್ತು ಒಳಕ್ಕೆ. ಫ್ರೇಮಿಗೆ ಹೊಸ ತಿರುಪು ಹಾಕುವಾಗ ಮೊದಲು ಗೂಡಿನ ಮಣ್ಣು ಒರೆಸಿ, ಒಂದು ಹನಿ ಎಣ್ಣೆ ಬಿಟ್ಟು, ಬರಿಗೈಯಲ್ಲೇ ಶುರುಮಾಡಿ. ಎರಡು ಸುತ್ತು ಬೆರಳಲ್ಲಿ ಸಲೀಸಾಗಿ ಹೋಗದಿದ್ದರೆ ಓರೆಯಾಗಿ ಕೂತಿದೆ. ತೆಗೆದು ಮತ್ತೆ ಹಾಕಿ. ಪಾನಾ ಹಚ್ಚಿ ಒತ್ತಾಯ ಮಾಡಿದರೆ ಮರೆ ಹಾಳಾಗುತ್ತದೆ. ತಿರುಪು ಹಾಳಾದರೆ ಇನ್ನೊಂದು ತರಬಹುದು. ಗೂಡು ಫ್ರೇಮಿನದೇ ಅಂಗ, ಅದನ್ನು ಎಲ್ಲಿಂದ ತರುತ್ತೀರಿ?

ಇನ್ನು ಆರೈಕೆ. ಗದ್ದೆ ಬಯಲಿನ ಕೆಸರು ಒಣಗಿದರೆ ಸಿಮೆಂಟಿನ ಹಾಗೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಒದ್ದೆ ಬಟ್ಟೆಯಿಂದ ತಿರುಪಿನ ಸುತ್ತ ಒರೆಸಿ, ಒಣಗಿಸಿ. ತಿಂಗಳಿಗೊಮ್ಮೆ ಹೊಲಿಗೆ ಯಂತ್ರದ ಎಣ್ಣೆ ಒಂದೇ ಹನಿ ಬಿಟ್ಟು, ಒಂದು ಸುತ್ತು ಆಚೆ, ಒಂದು ಸುತ್ತು ಈಚೆ ತಿರುಗಿಸಿ ಮೊದಲಿನ ಜಾಗಕ್ಕೇ ತನ್ನಿ. ಹೀಗೆ ಆಡಿಸುತ್ತಿದ್ದರೆ ತುಕ್ಕು ಹಿಡಿದು ಕಚ್ಚಿಕೊಳ್ಳುವುದಿಲ್ಲ. ಕೊಬ್ಬರಿ ಎಣ್ಣೆ ಬೇಡವೇ ಬೇಡ, ಚಳಿಗೆ ಹೆಪ್ಪುಗಟ್ಟುತ್ತದೆ. ಚಕ್ರದ ಬಳೆಗೂ ಬ್ರೇಕಿನ ರಬ್ಬರಿಗೂ ಯಾವ ಎಣ್ಣೆಯೂ ಸೋಕಕೂಡದು. ಸೋಕಿದರೆ ಬ್ರೇಕು ಜಾರುತ್ತದೆ.

ಅವತ್ತು ತಂಗಿಯ ಮನೆಯಲ್ಲಿ ತಿರುಪು ತುಕ್ಕು ಹಿಡಿದು ಕೂತಿತ್ತು. ಎಣ್ಣೆ ಬಿಟ್ಟು, ಊಟ ಮುಗಿಸಿ ಬರುವಷ್ಟರಲ್ಲಿ ಅಲುಗಾಡಿತು. ನಾನು ತೋರಿಸಿದ್ದು ಮುಂದಿನ ಬ್ರೇಕು ಮಾತ್ರ. ಹಿಂದಿನದನ್ನು ತಂಗಿಯೇ ತಿರುಗಿಸಿದಳು, ಮಗಳು ರಬ್ಬರು ಒತ್ತಿ ಹಿಡಿದಳು. ಅಂಗಳದಲ್ಲಿ ಒಂದು ಸುತ್ತು ಹೊಡೆದು ಹುಡುಗಿ ಗಕ್ಕನೆ ನಿಂತಳು, ಎರಡು ಕಾಲೂ ಪೆಡಲಿನ ಮೇಲೇ! ತಾಯಿಯ ಮುಖ ನೋಡಬೇಕಿತ್ತು.

ಮೊನ್ನೆ ಮತ್ತೆ ಹೋಗಿದ್ದೆ. ತಂಗಿಯ ಹೊಲಿಗೆ ಯಂತ್ರದ ಡ್ರಾಯರಿನಲ್ಲಿ ಬಾಬಿನ್ನು, ಗುಂಡಿಗಳ ಜೊತೆ ಒಂದು ಪಾನಾ ಮಲಗಿತ್ತು. ಚಪ್ಪಲಿ ಅದೇ ಹಳೇ ಜೊತೆ, ಎರಡೂ ಸಮವಾಗಿ ಸವೆಯುತ್ತಿವೆ.

ನಿಮ್ಮ ಮಕ್ಕಳ ಚಪ್ಪಲಿಯ ಹಿಮ್ಮಡಿಯನ್ನೂ ಇವತ್ತು ಒಮ್ಮೆ ತಿರುಗಿಸಿ ನೋಡಿ. ಬೈಯುವುದನ್ನು ಆಮೇಲೆ ಇಟ್ಟುಕೊಳ್ಳೋಣ.

ಮುಂದಿನ ಸಲ: ಮಿಕ್ಸಿಯ ಬ್ಲೇಡು ಮಂಡಾದಾಗ ಏನು ಮಾಡಬೇಕು?