ಆ ಸರ್ಟಿಫಿಕೇಟು ಯಾರಿಗೆ ಬೇಕು?

"ಅಣ್ಣಾ, ಎಡಬ್ಲ್ಯೂಎಸ್ ಸರ್ಟಿಫಿಕೇಷನ್ ಮಾಡಿದ್ರೆ ಕೆಲ್ಸ ಸಿಗುತ್ತಾ?" ಊರಿಂದ ತಿಂಗಳಿಗೆ ಒಂದು ಸಾರಿಯಾದ್ರೂ ಈ ಮೆಸೇಜು ಬರುತ್ತೆ. ಕೇಳೋರು ಬೇರೆ ಬೇರೆ - ಚಿಕ್ಕಮ್ಮನ ಮಗ, ಕಾಲೇಜಿನ ಜೂನಿಯರ್ರು, ಅಪ್ಪನ ಸ್ನೇಹಿತರ ಮಗಳು. ಇಲ್ಲಿ ಡಲ್ಲಾಸಿನಲ್ಲೂ ಅದೇ ಪ್ರಶ್ನೆ, ಆದ್ರೆ ಕೇಳೋ ದನಿ ಬೇರೆ. ಇಲ್ಲಿ ಕೇಳೋರು ಲೇಆಫ್ ಆದವರು. ಎಚ್-1ಬಿ ಮೇಲಿರುವವನಿಗೆ ಕೆಲಸ ಹೋದ ಮೇಲೆ ಈ ದೇಶದಲ್ಲಿ ಸಿಗೋದು ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ಪಿಟಿಷನ್ ಹಾಕಬೇಕು, ಇಲ್ಲಾ ಬೇರೆ ದಾರಿ ನೋಡಿಕೊಳ್ಳಬೇಕು, ಅದೂ ಇಲ್ಲದಿದ್ದರೆ ಗಂಟುಮೂಟೆ ಕಟ್ಟಬೇಕು.

ಇಬ್ಬರಿಗೂ ನನ್ನ ಉತ್ತರ ಒಂದೇ: ಆ ಕಾಗದ ನಿನಗೆ ಬೇಕಾ ಅಂತ ಆಮೇಲೆ ನೋಡೋಣ, ಮೊದಲು ಅದು ಯಾರಿಗೆ ಬೇಕು ಹೇಳು.

ಯಾಕೆ ಅಂದ್ರೆ, ಸರ್ಟಿಫಿಕೇಟು ನಿಜವಾಗ್ಲೂ ಬೇಕಾಗಿರುವ ಜಾಗಗಳಿವೆ. ಅಮೆಜಾನ್, ಮೈಕ್ರೋಸಾಫ್ಟ್ ಎರಡೂ ತಮ್ಮ ಪಾರ್ಟ್ನರ್ ಕಂಪನಿಗಳಿಗೆ ದರ್ಜೆ ಕೊಡುವಾಗ ಅವರಲ್ಲಿ ಸರ್ಟಿಫೈಡ್ ಆದವರು ಎಷ್ಟು ಜನ ಅಂತ ಲೆಕ್ಕ ಹಾಕ್ತಾರೆ. ಹಾಗಾಗಿ ಸರ್ವೀಸ್ ಕಂಪನಿಗಳಿಗೆ, ಕನ್ಸಲ್ಟಿಂಗ್‍ನವರಿಗೆ ನಿಮ್ಮ ಸರ್ಟಿಫಿಕೇಟು ಬರೀ ಕಾಗದ ಅಲ್ಲ, ಕ್ಲೈಂಟಿಗೆ ತೋರಿಸೋ ಸರಕು. ಅಂಥ ಕಡೆ ಅದು ಖಂಡಿತ ಕೆಲಸಕ್ಕೆ ಬರುತ್ತೆ, ಎಷ್ಟೋ ಸಲ ಪರೀಕ್ಷೆಯ ಫೀಸನ್ನೂ ಅವರೇ ಕೊಡ್ತಾರೆ.

ಇನ್ನೂ ಗಟ್ಟಿಯಾದ ಉದಾಹರಣೆ ಅಮೆರಿಕದ ರಕ್ಷಣಾ ಇಲಾಖೆಯದು. ಸೈಬರ್ ಸೆಕ್ಯುರಿಟಿ ಕೆಲಸ ಮಾಡೋರಿಗೆ ಇಂತಿಂಥ ಸರ್ಟಿಫಿಕೇಷನ್ ಇರಲೇಬೇಕು ಅಂತ 2005ರಲ್ಲೇ 8570 ಅನ್ನೋ ಕೈಪಿಡಿಯಲ್ಲಿ ಬರೆದಿಟ್ಟರು. 2023ರಲ್ಲಿ ಅದರ ಜಾಗಕ್ಕೆ 8140 ಬಂತು. ಕಾಂಪ್ಟಿಯಾ ಸೆಕ್ಯುರಿಟಿ ಪ್ಲಸ್‍ಗೆ ಈ ದೇಶದಲ್ಲಿ ಇಷ್ಟು ಬೇಡಿಕೆ ಇರೋದಕ್ಕೆ ಇದೂ ಒಂದು ದೊಡ್ಡ ಕಾರಣ. ಆದ್ರೆ ತಮಾಷೆ ನೋಡಿ, ಆ ಕೆಲಸಗಳಿಗೆ ಸಾಮಾನ್ಯವಾಗಿ ಅಮೆರಿಕದ ಪೌರತ್ವ ಕೇಳ್ತಾರೆ. ಅಂದ್ರೆ ಸರ್ಟಿಫಿಕೇಟಿಗೆ ಎಲ್ಲಿ ಅತಿ ಹೆಚ್ಚು ಬೆಲೆಯೋ, ಆ ಬಾಗಿಲು ವೀಸಾದವರಿಗೆ ಮುಚ್ಚಿರುತ್ತೆ! ಇದು ಗೊತ್ತಿಲ್ಲದೇ ಎಷ್ಟೋ ಜನ ದುಡ್ಡು ಕಟ್ಟಿ ಕೂತಿದ್ದಾರೆ.

ಉಳಿದ ಕಡೆ? ನಮ್ಮ ಟೀಮಿಗೆ ಜನ ತಗೊಳ್ಳುವಾಗ ಇಂಟರ್ವ್ಯೂ ಮಾಡಲು ನಾನೂ ಕೂರುತ್ತೇನೆ. ಒಬ್ಬರ ರೆಸ್ಯೂಮೆಯಲ್ಲಿ ಏಳು ಸರ್ಟಿಫಿಕೇಷನ್ ಇದ್ದವು. ಪ್ರೈವೇಟ್ ಸಬ್‍ನೆಟ್‍ನಲ್ಲಿರೋ ಸರ್ವರಿಗೆ ಇಂಟರ್ನೆಟ್ ಸಿಗ್ತಿಲ್ಲ, ಏನು ನೋಡ್ತೀರಿ ಅಂತ ಕೇಳಿದೆ. "ನ್ಯಾಟ್ ಗೇಟ್‍ವೇ" ಅಂತ ತಟ್ಟನೆ ಉತ್ತರ ಬಂತು. ಸರಿ, ಅದು ಇದೆ, ಆದ್ರೂ ಬರ್ತಿಲ್ಲ, ಮುಂದೆ? ಅಲ್ಲಿಗೆ ಮಾತು ನಿಂತಿತು. ಪರೀಕ್ಷೆಯಲ್ಲಿ ನಾಲ್ಕು ಉತ್ತರದಲ್ಲಿ ಒಂದನ್ನ ಆರಿಸಿದ್ರೆ ಮುಗೀತು, ಆಫೀಸಿನಲ್ಲಿ ಆ ನಾಲ್ಕನ್ನೂ ನಾವೇ ಹುಡುಕಬೇಕು. ಇನ್ನೊಬ್ಬ ಹುಡುಗನ ಹತ್ತಿರ ಒಂದು ಸರ್ಟಿಫಿಕೇಟೂ ಇರಲಿಲ್ಲ. ರಾತ್ರಿ ಎರಡು ಗಂಟೆಗೆ ಡೇಟಾಬೇಸಿನ ಡಿಸ್ಕ್ ತುಂಬಿ ಸೈಟು ನಿಂತಾಗ ತಾನು ಒಂದೊಂದೇ ಹೆಜ್ಜೆ ಏನು ಮಾಡಿದೆ ಅಂತ ಹೇಳಿದ. ತಗೊಂಡಿದ್ದು ಅವನನ್ನೇ.

ಹಾಗಂತ ಎಲ್ಲಾ ಪರೀಕ್ಷೆಗಳೂ ಪುಸ್ತಕದ ಬದನೆಕಾಯಿ ಅಲ್ಲ. ರೆಡ್ ಹ್ಯಾಟ್‍ನ ಆರ್‌ಎಚ್‌ಸಿಇ, ಕುಬರ್ನೆಟೀಸ್‍ನ ಸಿಕೆಎ ಇವುಗಳಲ್ಲಿ ಟರ್ಮಿನಲ್ ಮುಂದೆ ಕೂರಿಸಿ ಕೆಲಸ ಮಾಡಿಸ್ತಾರೆ. ಸಿಸ್ಕೋದ ಸಿಸಿಐಇ ಲ್ಯಾಬ್ ಅಂತೂ ಎಂಟು ಗಂಟೆಯ ತಪಸ್ಸು. ಅರ್ಥಶಾಸ್ತ್ರಜ್ಞ ಮೈಕೆಲ್ ಸ್ಪೆನ್ಸ್ 1973ರಲ್ಲಿ ಕೆಲಸದ ಮಾರುಕಟ್ಟೆಯ ಬಗ್ಗೆ ಬರೆದ ಪ್ರಬಂಧದ ತಿರುಳೂ ಇದೇ, 2001ರಲ್ಲಿ ಅವರಿಗೆ ನೊಬೆಲ್ ಬಂತು: ಯೋಗ್ಯತೆ ಇಲ್ಲದವನಿಗೆ ಸಂಪಾದಿಸೋದು ಕಷ್ಟವಾದ್ರೆ ಮಾತ್ರ ಒಂದು ಗುರುತಿಗೆ ಬೆಲೆ. ಡಂಪ್ ಉರು ಹೊಡೆದು ಯಾರು ಬೇಕಾದ್ರೂ ಪಾಸಾಗೋ ಹಾಗಿದ್ರೆ, ಕಷ್ಟಪಟ್ಟು ಓದಿದವನ ಸರ್ಟಿಫಿಕೇಟೂ ಸೋವಿಯಾಗುತ್ತೆ. ಹಿಂದೆ ಎಂಸಿಎಸ್‌ಇಗೆ ಆಗಿದ್ದು ಅದೇ, "ಪೇಪರ್ ಎಂಸಿಎಸ್‌ಇ" ಅಂತ ಬೈಗುಳವೇ ಹುಟ್ಟಿಕೊಂಡಿತ್ತು. ಕೊನೆಗೆ 2021ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನ ನಿಲ್ಲಿಸಿತು.

ಇನ್ನೊಂದು ವಿಷಯ ಆಯಸ್ಸು. ನನ್ನ ಬಿಇ ಸರ್ಟಿಫಿಕೇಟು ಊರಲ್ಲಿ ಅಮ್ಮನ ಬೀರುವಿನಲ್ಲಿ ರೇಷ್ಮೆ ಸೀರೆಗಳ ಕೆಳಗಿದೆ, ಅದಕ್ಕೆ ಸಾವಿಲ್ಲ. ಎಡಬ್ಲ್ಯೂಎಸ್‍ನದ್ದು ಮೂರು ವರ್ಷ. ಸಿಕೆಎ 2024ರ ಏಪ್ರಿಲ್‍ನಿಂದ ಎರಡೇ ವರ್ಷ. ಮೈಕ್ರೋಸಾಫ್ಟಿನವು ಹೆಚ್ಚಿನವು ಒಂದು ವರ್ಷ, ನವೀಕರಣ ಪುಕ್ಕಟೆ ಅನ್ನೋದು ಸಮಾಧಾನ.

ಈಗ 60 ದಿನದವರ ಮಾತಿಗೆ ಬರೋಣ. ಎಡಬ್ಲ್ಯೂಎಸ್ ಅಸೋಸಿಯೇಟ್ ಪರೀಕ್ಷೆಗೆ 150 ಡಾಲರ್, ಅದು ದೊಡ್ಡದಲ್ಲ. ದೊಡ್ಡದು ಓದೋಕ್ಕೆ ಹೋಗೋ ದಿನಗಳು. ಅರ್ಜಿ ಹಾಕಿ, ನಾಲ್ಕೈದು ರೌಂಡ್ ಮುಗಿಸಿ, ಆಫರ್ ಬಂದು, ಪಿಟಿಷನ್ ಫೈಲ್ ಆಗೋದಕ್ಕೇ ವಾರಗಟ್ಟಲೆ ಬೇಕು. ಮೊದಲ ಮೂವತ್ತು ದಿನ ಪುಸ್ತಕ ಹಿಡಿದು ಕೂತರೆ ಮುಗೀತು ಕಥೆ. ಎಚ್-1ಬಿಗೆ ಇಮಿಗ್ರೇಷನ್‍ನವರು ನೋಡೋದು ಪದವಿಯನ್ನ, ಸರ್ಟಿಫಿಕೇಷನ್ ಪದವಿಗೆ ಬದಲಿ ಅಲ್ಲ. ಮೊದಲ ದಿನ ಮಾಡಬೇಕಾದ್ದು ಹಳೇ ಸಹೋದ್ಯೋಗಿಗಳಿಗೆ ಫೋನು. ನಾಚಿಕೆ ಬಿಟ್ಟು, ಒಬ್ಬರನ್ನೂ ಬಿಡದೆ. ಇಂಥ ಹೊತ್ತಲ್ಲಿ ಪರೀಕ್ಷೆಗೆ ಓದೋದು ಏನೋ ಮಾಡ್ತಿದ್ದೀನಿ ಅನ್ನೋ ನೆಮ್ಮದಿ ಕೊಡುತ್ತೆ, ಅಪಾಯ ಇರೋದೂ ಆ ನೆಮ್ಮದಿಯಲ್ಲೇ.

ಊರಿನ ತಮ್ಮ-ತಂಗಿಯರಿಗೆ ಹೇಳೋದು ಸ್ವಲ್ಪ ಬೇರೆ. ಮೆಕ್ಯಾನಿಕಲ್ಲೋ ಬಿಕಾಮೋ ಮುಗಿಸಿ ಈ ಕಡೆ ಬರೋರಿಗೆ ಎಲ್ಲಿಂದ ಶುರು ಮಾಡಬೇಕು ಅನ್ನೋದೇ ಗೊತ್ತಿರಲ್ಲ. ಅವರಿಗೆ ಸಿಸಿಎನ್‌ಎ, ಆರ್‌ಎಚ್‌ಸಿಎಸ್‌ಎ ಸಿಲಬಸ್ಸು ಒಳ್ಳೇ ದಾರಿ. ಆದ್ರೆ ಅದಕ್ಕೆ "100% ಪ್ಲೇಸ್‍ಮೆಂಟ್ ಗ್ಯಾರಂಟಿ" ಅಂತ ಬೋರ್ಡು ಹಾಕಿರೋ ಬಿಟಿಎಂ ಲೇಔಟು, ಮಾರತ್‍ಹಳ್ಳಿಯ ಇನ್‍ಸ್ಟಿಟ್ಯೂಟುಗಳಿಗೆ ಅಪ್ಪನ ಪಿಎಫ್ ದುಡ್ಡು ಸುರಿಯಬೇಕಾಗಿಲ್ಲ. ಮೈಕ್ರೋಸಾಫ್ಟ್ ಲರ್ನ್ ಪುಕ್ಕಟೆ, ಸಿಸ್ಕೋ ಪ್ಯಾಕೆಟ್ ಟ್ರೇಸರ್ ಪುಕ್ಕಟೆ, ಎಡಬ್ಲ್ಯೂಎಸ್‍ನ ಎಷ್ಟೋ ಪಾಠಗಳೂ ಪುಕ್ಕಟೆ. ಕೈ ಕೆಸರಾದರೆ ಬಾಯಿ ಮೊಸರು ಅನ್ನೋದು ಸಾಫ್ಟ್‌ವೇರಿನಲ್ಲೂ ನಿಜ. ಮೊದಲು ಏನಾದ್ರೂ ಕಟ್ಟಿ, ಕೆಡಿಸಿ, ರಿಪೇರಿ ಮಾಡಿ. ಪರೀಕ್ಷೆ ಆಮೇಲಿರಲಿ.

ದುಡ್ಡು ಕಟ್ಟೋ ಮೊದಲು ಇಷ್ಟು ಮಾಡಿ. ನಿಮಗೆ ಬೇಕಾದ ಕೆಲಸದ್ದೇ ಹತ್ತು ಜಾಹೀರಾತು ತೆಗೆದು ಓದಿ. ಎಷ್ಟರಲ್ಲಿ ಆ ಸರ್ಟಿಫಿಕೇಷನ್ "ಬೇಕೇ ಬೇಕು" ಅಂದಿದ್ದಾರೆ, ಎಷ್ಟರಲ್ಲಿ "ಇದ್ದರೆ ಒಳ್ಳೇದು" ಅಂದಿದ್ದಾರೆ, ಎಷ್ಟರಲ್ಲಿ ಮಾತೇ ಇಲ್ಲ ಅಂತ ಎಣಿಸಿ. ಅರ್ಧಕ್ಕಿಂತ ಹೆಚ್ಚು "ಬೇಕೇ ಬೇಕು" ಅಂದ್ರೆ ಇವತ್ತೇ ಕಟ್ಟಿ, ನನ್ನ ಆಕ್ಷೇಪಣೆ ಇಲ್ಲ. ಬರೀ ಸರ್ಟಿಫಿಕೇಟಿನಿಂದಲೇ ಕೆಲಸ ಸಿಕ್ಕವರು ನಿಮ್ಮಲ್ಲಿ ಯಾರಾದ್ರೂ ಇದ್ದರೆ ದಯವಿಟ್ಟು ಬರೆಯಿರಿ, ಯಾವ ಸರ್ಟಿಫಿಕೇಟು, ಎಂಥ ಕಂಪನಿ ಅಂತ. ಮುಂದಿನ ಸಲ ಮೆಸೇಜು ಬಂದಾಗ ಅದನ್ನೂ ಸೇರಿಸಿ ಹೇಳ್ತೀನಿ.