ಊಟ ತಪ್ಪಿದ ದಿನದ ಗುಳಿಗೆ

ಶ್ರಾವಣ ಸೋಮವಾರದ ಒಂದು ಸಂಜೆ 78 ವರ್ಷದ ಅಜ್ಜಿಯೊಬ್ಬರನ್ನು ಮನೆಯವರು ನಮ್ಮ ಚಿಕಿತ್ಸಾಲಯಕ್ಕೆ ಕರೆತಂದರು. ಅಂದು ಅವರಿಗೆ ಒಪ್ಪತ್ತು. ಬೆಳಿಗ್ಗೆ ಪೂಜೆ ಮುಗಿಸಿ ಸಕ್ಕರೆ ಕಾಯಿಲೆಯ ಗುಳಿಗೆಯನ್ನು ಎಂದಿನಂತೆ ನುಂಗಿದ್ದರು. ಊಟವನ್ನು ಮಾತ್ರ ರಾತ್ರಿಗೆ ಮುಂದೂಡಿದ್ದರು. ಮಧ್ಯಾಹ್ನದ ಮೇಲೆ ಮಾತು ತೊದಲಿತು, ಮೈ ಬೆವರಿತು, ಮಗನನ್ನು ತಮ್ಮನೆಂದು ಕರೆದರು. ವಯಸ್ಸಿನ ಅರಳುಮರಳು ಎಂದು ಮನೆಯವರು ಎರಡು ಗಂಟೆ ಸುಮ್ಮನಿದ್ದರು. ಪರೀಕ್ಷಿಸಿದಾಗ ರಕ್ತದ ಸಕ್ಕರೆ 46 ಮಿಲಿಗ್ರಾಂ ಇತ್ತು. 70ಕ್ಕಿಂತ ಕೆಳಗಿಳಿದರೆ ಅದು ಅಪಾಯದ ಸೂಚನೆ.

ನಮ್ಮ ಮನೆಗಳಲ್ಲಿ ಭಯವೆಲ್ಲ ಸಕ್ಕರೆ ಏರುವುದರ ಬಗ್ಗೆ. ಏರಿಕೆ ನಿಧಾನವಾಗಿ ಕೆಡಿಸುತ್ತದೆ. ಇಳಿಕೆಯಾದರೋ ಒಂದೇ ಮಧ್ಯಾಹ್ನದಲ್ಲಿ ಬೀಳಿಸಿ ತೊಡೆಯ ಮೂಳೆ ಮುರಿಯಬಲ್ಲದು. ವಯಸ್ಸಾದಂತೆ ಹಸಿವು ಕುಗ್ಗುತ್ತದೆ, ಮೂತ್ರಪಿಂಡಗಳ ಶಕ್ತಿ ತಗ್ಗುತ್ತದೆ, ಔಷಧಿ ದೇಹದಲ್ಲಿ ಹೆಚ್ಚು ಹೊತ್ತು ಉಳಿಯುತ್ತದೆ. ಹತ್ತು ವರ್ಷಗಳ ಹಿಂದೆ ಸರಿಯಾಗಿದ್ದ ಪ್ರಮಾಣ ಇಂದು ಅತಿಯಾಗಿರಬಹುದು. ಹಳೆಯ ಚೀಟಿಯನ್ನೇ ಅಂಗಡಿಗೆ ತೋರಿಸಿ ವರ್ಷಗಟ್ಟಲೆ ಗುಳಿಗೆ ತರುವ ನಮ್ಮ ರೂಢಿ ಈ ಕಾರಣದಿಂದಲೇ ಒಳ್ಳೆಯದಲ್ಲ.

ಎಲ್ಲ ಗುಳಿಗೆಗಳೂ ಒಂದೇ ಬಗೆಯವಲ್ಲ. ಮೆಟ್‌ಫಾರ್ಮಿನ್ ಒಂದನ್ನೇ ಸೇವಿಸುವವರಲ್ಲಿ ಸಕ್ಕರೆ ಹೀಗೆ ಕುಸಿಯುವುದು ಅಪರೂಪ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮತ್ತು ಇನ್ಸುಲಿನ್ ಸೇವಿಸುವವರು ಎಚ್ಚರದಿಂದಿರಬೇಕು. ಇವುಗಳಲ್ಲಿ ಗ್ಲಿಬೆನ್‌ಕ್ಲಮೈಡ್ ದೀರ್ಘಕಾಲ ಕೆಲಸ ಮಾಡುವುದರಿಂದ ವೃದ್ಧರಿಗೆ ಬೇಡವೆಂಬುದು ವೈದ್ಯರ ಸಾಮಾನ್ಯ ಅಭಿಪ್ರಾಯ. ರಕ್ತದೊತ್ತಡಕ್ಕೆಂದು ಅಟೆನೊಲಾಲ್‌ನಂಥ ಔಷಧಿ ತೆಗೆದುಕೊಳ್ಳುವವರಲ್ಲಿ ಎದೆಬಡಿತ, ನಡುಕಗಳು ಕಾಣಿಸದೆ ಬರಿಯ ಬೆವರು ಮಾತ್ರ ಕಾಣಬಹುದು.

ಅನುಮಾನ ಬಂದೊಡನೆ ಮೂರು ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸತಕ್ಕದ್ದು. ವೋಗ್ಲಿಬೋಸ್ ಸೇವಿಸುವವರಿಗೆ ಸಕ್ಕರೆ ಬೇಗ ಹತ್ತದು, ಗ್ಲೂಕೋಸ್ ಪುಡಿಯೇ ಬೇಕು. 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ, ಇನ್ನೂ 70ಕ್ಕಿಂತ ಕಡಿಮೆಯಿದ್ದರೆ ಮತ್ತೊಮ್ಮೆ ಕೊಡಬೇಕು. ಚೇತರಿಸಿಕೊಂಡ ಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಆಸ್ಪತ್ರೆಗೆ ಒಯ್ಯಬೇಕು. ಗುಳಿಗೆಯಿಂದ ಕುಸಿದ ಸಕ್ಕರೆ ಏರಿದಂತೆ ಕಂಡು ಮತ್ತೆ ಇಳಿಯುವುದುಂಟು. ಆದ್ದರಿಂದ ಎಚ್ಚರವಾಯಿತೆಂದು ಕೂಡಲೇ ಮನೆಗೆ ಕರೆತರಲು ಆತುರಪಡಬಾರದು.

ಉಪವಾಸ ಬಿಡಿರೆಂದು ಹಿರಿಯರಿಗೆ ಹೇಳುವುದು ಸುಲಭ, ಅವರು ಒಪ್ಪುವುದು ಕಷ್ಟ. ಕೆಲವರು ಮನೆಯವರಿಗೂ ತಿಳಿಸದೆ ಆಚರಿಸುತ್ತಾರೆ. ಅದಕ್ಕಿಂತ ವ್ರತದ ದಿನ ಗುಳಿಗೆಯನ್ನು ಹೇಗೆ ಬದಲಿಸಬೇಕೆಂದು ವಾರ ಮುಂಚೆಯೇ ವೈದ್ಯರನ್ನು ಕೇಳುವುದು ಲೇಸು. ತಾವಾಗಿಯೇ ಔಷಧಿ ನಿಲ್ಲಿಸುವುದೂ ತಪ್ಪು, ಅದರಲ್ಲೂ ಇನ್ಸುಲಿನ್. ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ ಎಲ್ಲರಿಗೂ 7ರೊಳಗೆ ಇರಲೇಬೇಕೆಂದಿಲ್ಲ. ಹಲವು ಕಾಯಿಲೆಗಳುಳ್ಳ ವೃದ್ಧರಿಗೆ 8ರ ಆಸುಪಾಸು ಸಾಕೆಂದು ವೈದ್ಯರೇ ಹೇಳುತ್ತಾರೆ.

ಆ ಅಜ್ಜಿಯವರ ಗುಳಿಗೆ ಬದಲಾಯಿತು. ಮುಂದಿನ ಸೋಮವಾರವೂ ಅವರು ಒಪ್ಪತ್ತು ಬಿಡಲಿಲ್ಲ. ಮಧ್ಯಾಹ್ನ ಸೊಸೆ ತಂದಿಟ್ಟ ಅವಲಕ್ಕಿ, ಹಾಲನ್ನು ಮಾತ್ರ ಬೇಡವೆನ್ನದೆ ಸ್ವೀಕರಿಸಿದರು.