ಸಾಲದ ಗುಟ್ಟು ಒಡೆಯಲಿ

ಈಚೆಗೆ ನನ್ನ ತರಗತಿಯ ಹುಡುಗಿಯೊಬ್ಬಳ ತಾಯಿ ಕಾಗದವೊಂದನ್ನು ಹಿಡಿದು ಶಾಲೆಗೆ ಬಂದರು. "ಮಾಷ್ಟ್ರೇ, ಇದರಲ್ಲಿ ಏನುಂಟೆಂದು ಸ್ವಲ್ಪ ಓದಿ ಹೇಳಿ" ಎಂದರು. ಅದು ಸಾಲದ ಕರಾರು. ಬರಹ ಮಲಯಾಳದಲ್ಲಿ, ಅವರ ರುಜು ಕನ್ನಡದಲ್ಲಿ. ಬಡ್ಡಿ ಎಷ್ಟೆಂದು ಅವರಿಗೆ ತಿಳಿದದ್ದು ಆ ದಿನವೇ. ಅದನ್ನು ತೀರಿಸಲು ಮಾಡಿದ ಇನ್ನೊಂದು ಸಾಲದ ಸುದ್ದಿ ಗಂಡನಿಗೂ ತಿಳಿಯದು.

ಸಾಲ ಬೆಳೆಯುವುದು ಬಡ್ಡಿಯಿಂದ ಮಾತ್ರವಲ್ಲ, ಗುಟ್ಟಿನಿಂದಲೂ ಹೌದು.

ಈ ಗುಟ್ಟನ್ನು ಒಡೆಯುವ ದಾರಿ ಹಳೆಯದು. ಕಳೆದ ಶತಮಾನದ ಹಿಂದೆಯೇ ಜರ್ಮನಿಯ ರೈಫೈಸೆನ್ ಎಂಬವರು ನೆರೆಯವನ ಹೊರೆ ಹೊರುವುದು ಕ್ರೈಸ್ತನ ಕರ್ತವ್ಯವೆಂದು ನಂಬಿ ಹಳ್ಳಿಯ ಸಾಲ ಸಂಘಗಳನ್ನು ಕಟ್ಟಿದರು. ಒಬ್ಬರನ್ನೊಬ್ಬರು ಬಲ್ಲವರೇ ಸದಸ್ಯರು. ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ನಮ್ಮ ದೇಶದ 1904ರ ಸಹಕಾರಿ ಕಾಯಿದೆಗೂ, 1905ರಲ್ಲಿ ಗದಗಿನ ಕಣಗಿನಹಾಳದಲ್ಲಿ ಹುಟ್ಟಿದ ಸಂಘಕ್ಕೂ ಆ ವಿಚಾರವೇ ಹಿನ್ನೆಲೆ.

1989ರಲ್ಲಿ ತಮಿಳುನಾಡಿನ ಧರ್ಮಪುರಿ ಜಿಲ್ಲೆಯಲ್ಲಿ ಅಲ್ಲಿನ ಮಹಿಳಾ ಅಭಿವೃದ್ಧಿ ನಿಗಮವು ಅಂತಾರಾಷ್ಟ್ರೀಯ ನೆರವಿನಿಂದ ಹೆಂಗಸರ ಸ್ವಸಹಾಯ ಸಂಘಗಳನ್ನು ಆರಂಭಿಸಿತು. ಮುಂದೆ ಅದು ಸೇಲಂ ಜಿಲ್ಲೆಗೂ ಹಬ್ಬಿತು. ಕನ್ನಡ ಮನೆಮಾತಿನವರಿರುವ ಹೊಸೂರು, ಡೆಂಕಣಿಕೋಟೆಗಳು ಆಗ ಧರ್ಮಪುರಿಗೇ ಸೇರಿದ್ದವು; 2004ರಿಂದ ಅವು ಕೃಷ್ಣಗಿರಿ ಜಿಲ್ಲೆಯಲ್ಲಿವೆ. ಹೆಚ್ಚೆಂದರೆ ಇಪ್ಪತ್ತು ಮಂದಿಯ ಸಂಘ. ಮೊದಲು ಉಳಿತಾಯ, ಅನಂತರ ಅದೇ ಹಣದಿಂದ ಸಾಲ. ಯಾರಿಗೆ, ಏತಕ್ಕೆ, ಎಷ್ಟು ಎಂಬುದೆಲ್ಲ ಸಭೆಯಲ್ಲೇ ತೀರ್ಮಾನ.

ಇಂದು ಖಾಸಗಿ ಸಾಲಗಾರರೂ ಐದಾರು ಮಂದಿಯನ್ನು ಗುಂಪು ಮಾಡಿ ಹೊಣೆ ಹೊರಿಸುವುದುಂಟು. ಆದರೆ ಅಲ್ಲಿ ಹಣವೂ ಪುಸ್ತಕವೂ ಅವರದೇ. ಕಂತು ತಪ್ಪಿದರೆ ನೆರೆಯವಳೇ ವಸೂಲಿಗೆ ನಿಲ್ಲಬೇಕು. ಅದು ಹೊಣೆಗಾರಿಕೆಯಲ್ಲ, ಮಾನ ಕಳೆಯುವ ಉಪಾಯ.

ನಮ್ಮಲ್ಲಿ 1998ರಿಂದ ಕುಟುಂಬಶ್ರೀಯ ಅಯಲ್‌ಕೂಟಗಳಿವೆ. ವಾರದ ಹಣ ಕಟ್ಟಿ ರುಜು ಹಾಕಿ ಬಂದರೆ ಸಾಲದು. ಲೆಕ್ಕವನ್ನು ಗಟ್ಟಿಯಾಗಿ ಓದಿಸಬೇಕು. ಕನ್ನಡದವರಿರುವಲ್ಲಿ ಕನ್ನಡದಲ್ಲೂ ಹೇಳಿಸಬೇಕು. ಹೊರಗಿನ ಸಾಲವಿದ್ದರೆ ಅದನ್ನೂ ಅಲ್ಲಿ ತೆರೆದಿಡಬೇಕು. ಕೇಳಿದವರು ಅದನ್ನು ಬಾವಿಕಟ್ಟೆಯ ಮಾತಾಗಿಸಬಾರದು. ಇಲ್ಲವಾದರೆ ಮುಂದೆ ಯಾರೂ ಬಾಯಿ ಬಿಡಲಾರರು.

ಕಚೇರಿಯ ನಮೂನೆಗಳು ಕನ್ನಡದಲ್ಲಿ ಬೇಕೆಂದು ನಾವು ಕೇಳುತ್ತೇವೆ, ಅದು ನ್ಯಾಯವೇ. ಆದರೆ ಸಾಲದ ಕಾಗದವನ್ನು ಓದಿಸಿ ತಿಳಿಯದೆ ರುಜು ಹಾಕುವುದಿಲ್ಲ ಎನ್ನಲು ಯಾವ ಸರಕಾರದ ಅಪ್ಪಣೆ ಬೇಕು? ಆ ತಾಯಿ ಎಂಟು ತಿಂಗಳು ತಡವಾಗಿ ಬಂದರು. ಉಳಿದವರು ರುಜುವಿಗೆ ಮೊದಲೇ ಬರಲಿ. ಓದಿ ಹೇಳಲು ಪ್ರತಿ ಊರಿನಲ್ಲೂ ಒಬ್ಬ ಅಧ್ಯಾಪಕನಾದರೂ ಸಿಗದಿರಲಾರ.